ಫೋನ್ ತುಂಬಿತ್ತು, ಕ್ಯಾಶ್ ಅಳಿಸಲು ಕೂತೆ

ಫೋನ್‌ಗೆ ಸಿಸ್ಟಂ ಅಪ್‌ಡೇಟ್ ಬಂದು ನಾಲ್ಕು ದಿನ ಆಗಿತ್ತು. ದಿನಾ ರಾತ್ರಿ ಡೌನ್‌ಲೋಡ್ ಒತ್ತುತ್ತಿದ್ದೆ. ದಿನಾ ಒಂದೇ ಉತ್ತರ: ಜಾಗ ಸಾಲದು. ಬೇಕಿದ್ದದ್ದು 2.4 ಜಿಬಿ, ಖಾಲಿ ಇದ್ದದ್ದು 1.2. ಐದನೇ ದಿನ ಸಿಟ್ಟು ಬಂದು ಗ್ಯಾಲರಿಗೆ ನುಗ್ಗಿ ಆರು ಉದ್ದುದ್ದ ವಿಡಿಯೊ ಅಳಿಸಿ ಹಾಕಿದೆ. ವಾಪಸ್ ಬಂದು ನೋಡಿದರೆ ಖಾಲಿ ಜಾಗ ಅದೇ 1.2 ಜಿಬಿ. ವಿಡಿಯೊ ಹೋದವು, ಅವುಗಳ ಜಾಗ ಎಲ್ಲಿ ಹೋಯಿತು? ಆಗ ತಲೆಗೆ ಹೊಳೆಯಲಿಲ್ಲ. ಆ ಕಥೆ ಆಮೇಲೆ ಹೇಳುತ್ತೇನೆ.

ಗೊತ್ತಿದ್ದವರನ್ನು ಕೇಳಿದೆ. ಎಲ್ಲರದ್ದೂ ಒಂದೇ ಸಲಹೆ: 'ಕ್ಯಾಶ್ ಕ್ಲಿಯರ್ ಮಾಡು.' ಅಂದರೆ ಆ್ಯಪ್‌ಗಳು ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲ್‌ಗಳನ್ನು ಅಳಿಸು ಅಂತ. ಸರಿ, ಮಾಡೋಣ ಅಂತ ಕೂತೆ.

ನನ್ನ ಹಳೆಯ ಫೋನಿನಲ್ಲಿ ಈ ಕೆಲಸ ಬಲು ಸುಲಭ ಇತ್ತು. ಸೆಟ್ಟಿಂಗ್ಸ್, ಆಮೇಲೆ ಸ್ಟೋರೇಜ್, ಅಲ್ಲಿ 'ಕ್ಯಾಶ್ಡ್ ಡೇಟಾ' ಅಂತ ಒಂದು ಸಾಲು. ಒಮ್ಮೆ ಒತ್ತಿದರೆ ಎಲ್ಲ ಆ್ಯಪ್‌ಗಳ ಕ್ಯಾಶೂ ಒಟ್ಟಿಗೆ ಹೋಗುತ್ತಿತ್ತು. ಈ ಫೋನಿನಲ್ಲಿ ಆ ಸಾಲನ್ನು ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಸಿಗುವುದಾದರೂ ಹೇಗೆ? 2017ರಲ್ಲಿ ಬಂದ ಆಂಡ್ರಾಯ್ಡ್ 8ರಲ್ಲೇ ಅದನ್ನು ತೆಗೆದುಬಿಟ್ಟಿದ್ದಾರೆ. ಅದೇ ಆವೃತ್ತಿಯಲ್ಲಿ ಪ್ರತಿ ಆ್ಯಪ್‌ಗೂ ಇಂತಿಷ್ಟು ಕ್ಯಾಶ್ ಅಂತ ಒಂದು ಪಾಲು ಗೊತ್ತುಮಾಡಿದರು. ಜಾಗ ತೀರಾ ಕಡಿಮೆಯಾದಾಗ, ಪಾಲು ಮೀರಿ ತುಂಬಿಕೊಂಡ ಆ್ಯಪ್‌ಗಳ ಕ್ಯಾಶನ್ನು ಫೋನೇ ಮೊದಲು ಅಳಿಸುತ್ತದೆ.

ಹಾಗಾದರೆ ನನ್ನ ಫೋನ್ ಯಾಕೆ ಸುಮ್ನೆ ಕೂತಿತ್ತು? ಇದು ನನಗೆ ಬಹಳ ತಲೆ ತಿಂದ ಪ್ರಶ್ನೆ. ಉತ್ತರ ಸಿಕ್ಕಿದಾಗ ನಗು ಬಂತು. ಫೋನಿನ ಲೆಕ್ಕದಲ್ಲಿ 'ತೀರಾ ಕಡಿಮೆ' ಅಂದರೆ ನಿಜವಾಗಿಯೂ ತೀರಾ ಕಡಿಮೆ. ಮೂಲ ಆಂಡ್ರಾಯ್ಡ್‌ನಲ್ಲಿ ಆ ಗಡಿ ಒಟ್ಟು ಜಾಗದ ಶೇಕಡಾ 5 ಅಥವಾ 500 ಎಂಬಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ನನ್ನ ಹತ್ತಿರ ಇನ್ನೂ 1.2 ಜಿಬಿ ಇತ್ತಲ್ಲ. ಫೋನಿನ ಪ್ರಕಾರ ನಾನು ಆರಾಮಾಗಿದ್ದೆ. ಅಪ್‌ಡೇಟ್‌ಗೆ ಜಾಗ ಬೇಕಿದ್ದದ್ದು ನನಗೆ, ಅದಕ್ಕಲ್ಲ. ಹಾಗಾಗಿ ಕೈಯಾರೆ ಅಳಿಸುವುದೇ ಉಳಿದ ದಾರಿ.

ಕ್ಯಾಶ್ ಅಂದರೇನು ಅಂತ ಎರಡು ಮಾತು. ಆ್ಯಪ್ ತನ್ನ ಅನುಕೂಲಕ್ಕೆ ಇಟ್ಟುಕೊಂಡ ನಕಲು ಅದು. ನಿನ್ನೆ ನೋಡಿದ ಚಿತ್ರ, ಅರ್ಧ ನೋಡಿದ ವಿಡಿಯೊದ ತುಣುಕು, ವೆಬ್ ಪುಟದ ಲೋಗೊ, ಇಂಥವು. ಅಸಲು ಸರ್ವರ್‌ನಲ್ಲಿ ಇರುತ್ತದೆ. ನಕಲು ಹೋದರೆ ಮತ್ತೆ ತರಿಸಿಕೊಳ್ಳುತ್ತದೆ. ಅದಕ್ಕೇ ಕ್ಯಾಶ್ ಅಳಿಸಿದರೆ ಏನೂ ಕಳೆದುಹೋಗಬಾರದು.

ನನ್ನದು ಕಳೆದುಹೋಯಿತು. ಯಾಕೆಂದರೆ ನಾನು ಅಳಿಸಿದ್ದು ಕ್ಯಾಶ್ ಆಗಿರಲಿಲ್ಲ.

ಆ್ಯಪ್‌ಗಳ ಪಟ್ಟಿಯಲ್ಲಿ ಒಂದೊಂದನ್ನೇ ತೆರೆದು ಸ್ಟೋರೇಜ್ ಪುಟಕ್ಕೆ ಹೋದರೆ ಎರಡು ಬಟನ್ ಕಾಣುತ್ತವೆ. ಒಂದು 'ಕ್ಲಿಯರ್ ಕ್ಯಾಶ್', ಇನ್ನೊಂದು 'ಕ್ಲಿಯರ್ ಸ್ಟೋರೇಜ್'. ಹಳೆಯ ಆವೃತ್ತಿಗಳಲ್ಲಿ ಎರಡನೆಯದರ ಹೆಸರು 'ಕ್ಲಿಯರ್ ಡೇಟಾ'. ಅಕ್ಕಪಕ್ಕದಲ್ಲೇ ಇರುತ್ತವೆ, ಒಂದೇ ಗಾತ್ರ, ಒಂದೇ ಬಣ್ಣ. ಕೆಲವು ಫೋನ್‌ಗಳಲ್ಲಿ ಕೆಳಗೆ ಒಂದೇ ಬಟನ್ ಇದ್ದು, ಒತ್ತಿದ ಮೇಲೆ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ನಕಲನ್ನು ಅಳಿಸುತ್ತದೆ. ಎರಡನೆಯದು ಆ್ಯಪ್‌ನ ಲಾಗಿನ್, ಸೆಟ್ಟಿಂಗ್, ಡ್ರಾಫ್ಟ್, ಡೌನ್‌ಲೋಡ್ ಎಲ್ಲವನ್ನೂ ಅಳಿಸಿ, ಆ್ಯಪನ್ನು ಈಗಷ್ಟೇ ಇನ್‌ಸ್ಟಾಲ್ ಮಾಡಿದ ಸ್ಥಿತಿಗೆ ತರುತ್ತದೆ.

ರಾತ್ರಿ ಹನ್ನೊಂದೂವರೆ. ಐದಾರು ಆ್ಯಪ್ ಮುಗಿಸಿದ್ದೆ. ಬೆರಳು ಯಂತ್ರದ ಹಾಗೆ ಓಡುತ್ತಿತ್ತು. ಟಿಪ್ಪಣಿ ಬರೆದಿಡುವ ಆ್ಯಪ್ ಬಂತು. ಕ್ಯಾಶ್ ಬರೀ 3 ಎಂಬಿ ಇತ್ತು. ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ, ನೋಡಿ. ಆದರೂ ಒತ್ತಿದೆ, ಅದೂ ಪಕ್ಕದ ಬಟನ್ನು. 'ಎಲ್ಲ ಡೇಟಾ ಶಾಶ್ವತವಾಗಿ ಅಳಿಸಿಹೋಗುತ್ತದೆ' ಅಂತ ಫೋನ್ ಕೇಳಿತು ಕೂಡ. ಓದದೆ ಓಕೆ ಅಂದೆ. ನಾಲ್ಕು ತಿಂಗಳ ಟಿಪ್ಪಣಿ ಹೋಯಿತು. ಬ್ಯಾಕಪ್ ಇರಲಿಲ್ಲ. ಆ್ಯಪ್‌ನ ತಪ್ಪೇನೂ ಇಲ್ಲ, ಫೋನಿನ ತಪ್ಪೂ ಇಲ್ಲ. ಕ್ಲಿಯರ್ ಕ್ಯಾಶ್ ಒತ್ತಿದರೆ ಸಾಮಾನ್ಯವಾಗಿ ಯಾವ ಪ್ರಶ್ನೆಯೂ ಬರುವುದಿಲ್ಲ, ಸಂಖ್ಯೆ ಸೊನ್ನೆ ಆಗುತ್ತದೆ ಅಷ್ಟೇ. ಹಾಗಾಗಿ ಫೋನ್ 'ಖಚಿತವಾ?' ಅಂತ ಕೇಳಿದ ಕೂಡಲೇ ಕೈ ತೆಗೆಯಬೇಕು. ಇದು ಆ ರಾತ್ರಿ ಗೊತ್ತಿದ್ದರೆ!

ಫೋನ್ ಮಗುಚಿಟ್ಟು ಮಲಗಿದೆ.

ಮರುದಿನ ಒಂದು ಹಾಳೆ, ಪೆನ್ನು ಹಿಡಿದು ಕೂತೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಬಹುದು. ದೊಡ್ಡದು ಮೇಲೆ ಬರುತ್ತದೆ. ಪ್ರತಿ ಆ್ಯಪ್‌ಗೂ ಮೂರು ಸಂಖ್ಯೆ ಇರುತ್ತವೆ: ಆ್ಯಪ್ ಸೈಜ್, ಯೂಸರ್ ಡೇಟಾ, ಕ್ಯಾಶ್. ಮೂರನ್ನೂ ಬರೆದುಕೊಂಡೆ. ಬರೆಯುತ್ತಾ ಹೋದ ಹಾಗೆ ಚಿತ್ರ ಸ್ಪಷ್ಟವಾಯಿತು. ಫೋನಿನಲ್ಲಿದ್ದ ಎಂಬತ್ತು ಚಿಲ್ಲರೆ ಆ್ಯಪ್‌ಗಳಲ್ಲಿ ಹೆಚ್ಚಿನವುಗಳ ಕ್ಯಾಶ್ 10 ಎಂಬಿಯನ್ನೂ ದಾಟಿರಲಿಲ್ಲ. ಹೊಟ್ಟೆ ಉಬ್ಬಿದ್ದು ನಾಲ್ಕೇ ನಾಲ್ಕರದ್ದು. ಚಿಕ್ಕ ವಿಡಿಯೊಗಳ ಆ್ಯಪ್ 1.4 ಜಿಬಿ. ಫೋಟೊ ಹಂಚಿಕೊಳ್ಳುವ ಆ್ಯಪ್ 1.1 ಜಿಬಿ. ಬ್ರೌಸರ್ 780 ಎಂಬಿ. ಹಾಡಿನ ಆ್ಯಪ್ 640 ಎಂಬಿ. ಉಳಿದ ಏಳೆಂಟು ಸೇರಿ ಒಂದು 400. ಈ ನಾಲ್ಕು ಮೊದಲೇ ಗೊತ್ತಿದ್ದರೆ ಹಿಂದಿನ ರಾತ್ರಿ ಟಿಪ್ಪಣಿ ಆ್ಯಪ್‌ನ ಬಾಗಿಲಿಗೇ ಹೋಗುತ್ತಿರಲಿಲ್ಲ.

ಈ ಸಲ ಪ್ರತಿ ಬಟನ್ನಿನ ಹೆಸರನ್ನು ಬಾಯಿಬಿಟ್ಟು ಓದಿ ಒತ್ತಿದೆ. ಇಪ್ಪತ್ತು ನಿಮಿಷದಲ್ಲಿ ಸುಮಾರು 4.3 ಜಿಬಿ ಖಾಲಿಯಾಯಿತು. ಯಾವ ಆ್ಯಪ್‌ನಲ್ಲೂ ಲಾಗಿನ್ ಹೋಗಲಿಲ್ಲ. ಹಾಡಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದ ಹಾಡುಗಳೂ ಹಾಗೇ ಇದ್ದವು. ಅವು ಕ್ಯಾಶ್‌ನಲ್ಲಿರದೆ ಯೂಸರ್ ಡೇಟಾದಲ್ಲಿ ಇದ್ದವು. ನಕ್ಷೆಯ ಆ್ಯಪ್‌ನಲ್ಲಿ ಇಳಿಸಿಟ್ಟ ಆಫ್‌ಲೈನ್ ನಕ್ಷೆಗಳದ್ದೂ ಇದೇ ಲೆಕ್ಕ. ಅಪ್‌ಡೇಟ್ ಆ ಸಂಜೆಯೇ ಇಳಿಯಿತು.

ಒಂದು ವಾರ ಬಿಟ್ಟು ಅದೇ ಹಾಳೆ ತೆಗೆದು ಮತ್ತೆ ಸಂಖ್ಯೆ ಬರೆದೆ. 2 ಜಿಬಿಗೂ ಜಾಸ್ತಿ ಕ್ಯಾಶ್ ವಾಪಸ್ ಬಂದಿತ್ತು! ಚಿಕ್ಕ ವಿಡಿಯೊಗಳ ಆ್ಯಪ್ ಒಂದೇ 900 ಎಂಬಿ. ಬೇಜಾರಾಯಿತು, ಆದರೆ ಅದು ಅದರ ಕೆಲಸ. ನೋಡಿದ್ದನ್ನೆಲ್ಲ ಅದು ಎತ್ತಿಡುತ್ತದೆ, ನಾನು ನೋಡುತ್ತಲೇ ಇರುತ್ತೇನೆ. ಅಳಿಸಿದ ಮೊದಲ ದಿನ ಆ್ಯಪ್‌ಗಳು ನಿಧಾನವಾಗಿ ತೆರೆದುಕೊಂಡದ್ದೂ, ಚಿತ್ರಗಳೆಲ್ಲ ಹೊಸದಾಗಿ ಇಳಿದು ಮೊಬೈಲ್ ಡೇಟಾ ಖರ್ಚಾದದ್ದೂ ಗಮನಕ್ಕೆ ಬಂದಿತ್ತು. ಅಂದರೆ ದಿನಾ ಕ್ಯಾಶ್ ಅಳಿಸಿದರೆ ಅದೇ ಚಿತ್ರಗಳನ್ನು ದಿನಾ ಮತ್ತೆ ತರಿಸಿದ ಹಾಗಾಯಿತು. ತುರ್ತಾಗಿ ಎರಡು ಮೂರು ಜಿಬಿ ಬೇಕಾದಾಗ ಇದು ಒಳ್ಳೆಯ ಕೈಸಾಲ. ದಿನನಿತ್ಯದ ಅಭ್ಯಾಸ ಮಾಡಿಕೊಳ್ಳುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ.

ನಡುವೆ ಒಂದು 'ಕ್ಲೀನರ್' ಆ್ಯಪನ್ನೂ ಹಾಕಿ ನೋಡಿದೆ. ತೆರೆದ ಕೂಡಲೇ ಆಕ್ಸೆಸಿಬಿಲಿಟಿ ಅನುಮತಿ ಕೇಳಿತು. ಯಾಕೆ ಅಂತ ಹುಡುಕಿದೆ. ಆಂಡ್ರಾಯ್ಡ್ 6ರಿಂದ ಈಚೆಗೆ ಸಾಮಾನ್ಯ ಆ್ಯಪ್‌ಗಳಿಗೆ ಬೇರೆ ಆ್ಯಪ್‌ಗಳ ಕ್ಯಾಶ್ ಅಳಿಸುವ ಹಕ್ಕಿಲ್ಲ. ಹಾಗಾಗಿ ಇವು ಪರದೆಯನ್ನು ಓದಿ, ನಮ್ಮ ಬದಲು ತಾವೇ ಬಟನ್ ಒತ್ತುತ್ತವೆ. ಪರದೆ ಓದುವ ಅನುಮತಿ ಅಂದರೆ ನಾನು ಬರೆಯುವ ಸಂದೇಶವನ್ನೂ ಓದಬಹುದು. ಇಪ್ಪತ್ತು ನಿಮಿಷ ಉಳಿಸಲು ಅಷ್ಟು ಕೊಡಬೇಕಾ? ತೆಗೆದುಹಾಕಿದೆ.

ಕಂಪ್ಯೂಟರ್ ಇರುವವರಿಗೆ ಇನ್ನೊಂದು ದಾರಿ ಇದೆ. ನನಗೆ ಇದು ತುಂಬಾ ಹಿಡಿಸಿತು. ಅಬೌಟ್ ಫೋನ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಹಾಕಿ, ಎಡಿಬಿ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಸಾಧನ) ಮೂಲಕ 'ಪಿಎಂ ಟ್ರಿಮ್-ಕ್ಯಾಶಸ್' ಅನ್ನುವ ಆಜ್ಞೆ ಕೊಡಬೇಕು. ಜೊತೆಗೆ ಒಂದು ಗಾತ್ರ ಹೇಳಬೇಕು. ಮಜಾ ಇರುವುದು ಇಲ್ಲೇ. ಆ ಗಾತ್ರದ ಅರ್ಥ 'ಇಷ್ಟು ಅಳಿಸು' ಅಂತಲ್ಲ, 'ನನಗೆ ಇಷ್ಟು ಖಾಲಿ ಜಾಗ ಬೇಕು' ಅಂತ. 64 ಜಿಬಿ ಫೋನಿಗೆ 999 ಜಿಬಿ ಖಾಲಿ ಮಾಡಿಕೊಡು ಅಂದರೆ ಅದೇನು ಮಾಡೀತು ಪಾಪ? ಸಿಕ್ಕ ಸಿಕ್ಕ ಕ್ಯಾಶ್ ಎಲ್ಲ ಅಳಿಸುತ್ತದೆ, ಆಗ ಕೈ ಚೆಲ್ಲುತ್ತದೆ. ಹಳೆಯ ಫೋನಿನ ಆ ಒಂದು ಸಾಲು ವಾಪಸ್ ಸಿಕ್ಕ ಹಾಗಾಯಿತು. ಟಿಪ್ಪಣಿ ಅಳಿಸುವ ಭಯವೂ ಇಲ್ಲ, ಇದು ಮುಟ್ಟುವುದು ಕ್ಯಾಶನ್ನು ಮಾತ್ರ. ಕೆಲಸ ಮುಗಿದ ಮೇಲೆ ಡೀಬಗಿಂಗ್ ಆಫ್ ಮಾಡಿ.

ರಿಕವರಿ ಮೋಡ್‌ಗೆ (ಫೋನ್ ಪೂರ್ತಿ ಆನ್ ಆಗುವ ಮೊದಲು ತೆರೆಯುವ ದುರಸ್ತಿ ಪಟ್ಟಿಗೆ) ಹೋಗಿ 'ವೈಪ್ ಕ್ಯಾಶ್ ಪಾರ್ಟಿಶನ್' ಮಾಡು ಅಂತಲೂ ಕೆಲವರು ಹೇಳಿದರು. ಅದು ಸಿಸ್ಟಂನ ಬೇರೆಯೇ ವಿಭಾಗ, ಆ್ಯಪ್‌ಗಳ ಕ್ಯಾಶ್ ಅಲ್ಲಿರುವುದಿಲ್ಲ. ಎಷ್ಟೋ ಹೊಸ ಫೋನ್‌ಗಳಲ್ಲಿ ಆ ವಿಭಾಗವೇ ಇಲ್ಲ. ಮೇಲಾಗಿ ಅದೇ ಪಟ್ಟಿಯಲ್ಲಿ ಹತ್ತಿರದಲ್ಲೇ ಫ್ಯಾಕ್ಟರಿ ರೀಸೆಟ್ ಇರುತ್ತದೆ. ಅಕ್ಕಪಕ್ಕದ ಬಟನ್‌ಗಳ ಜೊತೆ ನನ್ನ ಸಂಬಂಧ ಹೇಗಿದೆ ಅಂತ ನಿಮಗೆ ಗೊತ್ತೇ ಇದೆ. ಆ ಕಡೆ ಹೋಗಲಿಲ್ಲ.

ಹಾಳೆಯಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಹೊಡೆಯುತ್ತಿತ್ತು. ಕೆಲವು ಆ್ಯಪ್‌ಗಳ ಕ್ಯಾಶ್ ಸಣ್ಣದು, ಯೂಸರ್ ಡೇಟಾ ದೊಡ್ಡದು. ಕ್ಯಾಶ್ ಅಳಿಸಿದರೆ ಅಲ್ಲಿ ಕೂದಲೂ ಅಲ್ಲಾಡುವುದಿಲ್ಲ. ಅಂಥವನ್ನು ಅದೇ ಆ್ಯಪ್‌ನ ಒಳಗೆ ಹೋಗಿ ಬಿಡಿಸಬೇಕು. ಟೆಲಿಗ್ರಾಂನಲ್ಲಿ ಡೇಟಾ ಆ್ಯಂಡ್ ಸ್ಟೋರೇಜ್ ಒಳಗೆ ಸ್ಟೋರೇಜ್ ಯೂಸೇಜ್ ಇದೆ. ಚಾಟ್‌ನ ಫೋಟೊ, ವಿಡಿಯೊಗಳು ಕ್ಲೌಡ್‌ನಲ್ಲಿ ಉಳಿಯುವುದರಿಂದ ಫೋನಿನಿಂದ ಧೈರ್ಯವಾಗಿ ಅಳಿಸಬಹುದು, ಬೇಕಾದಾಗ ಮತ್ತೆ ಇಳಿಯುತ್ತದೆ. ಇಷ್ಟು ದಿನಕ್ಕೆ ತಾನೇ ಅಳಿಸಲಿ ಅಂತಲೂ ಹೇಳಿಡಬಹುದು. ನಾನು ಒಂದು ವಾರ ಇಟ್ಟಿದ್ದೇನೆ. ಕ್ರೋಮ್‌ನಲ್ಲಿ ಬ್ರೌಸಿಂಗ್ ಡೇಟಾ ಅಳಿಸುವಾಗ ಕ್ಯಾಶ್ ಮಾಡಿದ ಚಿತ್ರ ಮತ್ತು ಫೈಲ್‌ಗಳಿಗೆ ಮಾತ್ರ ಟಿಕ್ ಹಾಕಿ. ಕುಕೀಸ್‌ಗೂ ಟಿಕ್ ಇದ್ದರೆ ವೆಬ್‌ಸೈಟ್‌ಗಳಲ್ಲಿ ಮತ್ತೆ ಲಾಗಿನ್ ಆಗುತ್ತಾ ಕೂರಬೇಕಾಗುತ್ತದೆ.

ವಾಟ್ಸ್ಆ್ಯಪ್‌ದು ಇನ್ನೂ ಬೇರೆ. ಅಲ್ಲಿ ಬಂದ ವಿಡಿಯೊಗಳು ಕ್ಯಾಶ್‌ನಲ್ಲಿ ಇರುವುದೇ ಇಲ್ಲ. ಆಂಡ್ರಾಯ್ಡ್ 11ರಿಂದ ಈಚೆಗೆ ಅವು ಆಂಡ್ರಾಯ್ಡ್ ಫೋಲ್ಡರ್ ಒಳಗಿನ ಮೀಡಿಯಾ ಫೋಲ್ಡರ್‌ನಲ್ಲಿ ಕೂರುತ್ತವೆ. ವಾಟ್ಸ್ಆ್ಯಪ್‌ನದೇ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಆ್ಯಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್. 5 ಎಂಬಿಗಿಂತ ದೊಡ್ಡ ಫೈಲ್‌ಗಳು ಒಂದು ಕಡೆ, ಬಹಳ ಸಲ ಫಾರ್ವರ್ಡ್ ಆದವು ಇನ್ನೊಂದು ಕಡೆ. ಮೂರು ಗುಂಪುಗಳಿಂದ ಬಂದ ಒಂದೇ ವಿಡಿಯೊ ನನ್ನಲ್ಲಿ ಮೂರು ಸಲ ಇತ್ತು. ಅಲ್ಲಿಂದ 7 ಜಿಬಿ ಹೋಯಿತು, ವಾರ ಕಳೆದರೂ ವಾಪಸ್ ಬರಲಿಲ್ಲ. ಕ್ಯಾಶ್ ಕ್ಯಾಶ್ ಅಂತ ಒದ್ದಾಡಿ ಗಳಿಸಿದ್ದಕ್ಕಿಂತ ಇದು ಜಾಸ್ತಿ. ಪಕ್ಕದಲ್ಲಿದ್ದ ಡೇಟಾಬೇಸಸ್ ಫೋಲ್ಡರ್ ಮಾತ್ರ ಮುಟ್ಟಲಿಲ್ಲ. ಕಳೆದ 7 ದಿನಗಳವರೆಗಿನ ಚಾಟ್ ಬ್ಯಾಕಪ್ ಇರುವುದು ಅಲ್ಲೇ.

ಈಗ ಆ ಆರು ವಿಡಿಯೊಗಳ ಕಥೆ. ಗ್ಯಾಲರಿಯ ಮೂಲೆಯಲ್ಲಿ ಟ್ರ್ಯಾಶ್ ಅಂತ ಒಂದು ಫೋಲ್ಡರ್ ಇದೆ. ಅಷ್ಟು ದಿನ ಅದನ್ನು ತೆರೆದೇ ಇರಲಿಲ್ಲ. ಅಳಿಸಿದ್ದೆಲ್ಲ ಅಲ್ಲಿಗೆ ಹೋಗಿ 30 ದಿನ ಇರುತ್ತದೆ. ಫೈಲ್ ಹೆಸರಿನ ಮುಂದೆ ಒಂದು ಚುಕ್ಕೆ ಮತ್ತು ಟ್ರ್ಯಾಶ್ಡ್ ಅನ್ನುವ ಪದ ಸೇರಿ ಅದು ಕಣ್ಣಿಗೆ ಮರೆಯಾಗುತ್ತದೆ, ಜಾಗ ಮಾತ್ರ ಬಿಡುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರಗಳಾದರೆ ಬಿನ್‌ನಲ್ಲಿ 60 ದಿನ. ನನ್ನ ಆರು ವಿಡಿಯೊಗಳೂ ಗ್ಯಾಲರಿಯ ಟ್ರ್ಯಾಶ್‌ನಲ್ಲೇ ಸಾಲಾಗಿ ಕೂತಿದ್ದವು, ಒಟ್ಟು 2.6 ಜಿಬಿ. ವಿಡಿಯೊ ಅಳಿಸಿದ ದಿನವೇ ಅದನ್ನು ಖಾಲಿ ಮಾಡಿದ್ದರೆ ಅಪ್‌ಡೇಟ್ ಅವತ್ತೇ ಇಳಿಯುತ್ತಿತ್ತು. ಕ್ಯಾಶ್ ಸುದ್ದಿಗೇ ಹೋಗಬೇಕಿರಲಿಲ್ಲ, ಟಿಪ್ಪಣಿಗಳೂ ಉಳಿಯುತ್ತಿದ್ದವು.

'ಎಂಪ್ಟಿ ಟ್ರ್ಯಾಶ್' ಒತ್ತುವ ಮೊದಲು ಆರನ್ನೂ ಒಂದೊಂದಾಗಿ ನೋಡಿದೆ. ಐದನ್ನು ಯಾಕೆ ತೆಗೆದಿದ್ದೆ ಅಂತಲೇ ನೆನಪಾಗಲಿಲ್ಲ. ಆರನೆಯದನ್ನು ರಿಸ್ಟೋರ್ ಮಾಡಿದೆ. ಸಿಟ್ಟಿನಲ್ಲಿ ಅಳಿಸಬಾರದ್ದನ್ನೂ ಅಳಿಸಿದ್ದೆ. ಆಮೇಲೆ ಬಟನ್ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿ, ಒತ್ತಿದೆ.