600 ಸಿಸಿ ಬೈಕ್ ತಂದಾಯ್ತು, ಮೊದಲು ಚೈನ್ ನೋಡಿ

ಯಮಹಾ ಆರ್6, ಹೋಂಡಾ ಸಿಬಿಆರ್600ಆರ್‌ಆರ್, ಕವಾಸಾಕಿ ನಿಂಜಾ ಝಡ್‌ಎಕ್ಸ್-6ಆರ್. ಇಂಥ ಬೈಕ್ ತಂದವರೆಲ್ಲ ಎಂಜಿನ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಎಂಜಿನ್ ಅಷ್ಟು ಸುಲಭಕ್ಕೆ ಕೈಕೊಡುವುದಿಲ್ಲ. ಆರ್6ನಲ್ಲಿ ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ಒಳಗಿನ ವಾಲ್ವ್‌ಗೆ ಬಿಟ್ಟಿರುವ ಸಣ್ಣ ಸಂದು) ನೋಡಬೇಕಾದದ್ದೇ ಸುಮಾರು 42,000 ಕಿ.ಮೀ.ಗೊಮ್ಮೆ, ಅದನ್ನು ಮೆಕ್ಯಾನಿಕ್‌ಗೆ ಬಿಡಿ. ಅಸಡ್ಡೆ ಮಾಡಿದರೆ ಮೊದಲು ಹಾಳಾಗುವುದು ಚೈನ್ ಮತ್ತು ಟೈರ್.

ಮೊದಲು ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಒಂದು ಪ್ಯಾಡಕ್ ಸ್ಟ್ಯಾಂಡ್, ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿ ಮಾಡುವ ಒಂದು ಟಾರ್ಕ್ ರೆಂಚ್ ಕೊಳ್ಳಿ. ಎಕ್ಸಾಸ್ಟ್ ಬದಲಾಯಿಸೋದು ಆಮೇಲೆ ನೋಡೋಣ.

ಚೈನ್‌ಗೆ 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದ್ದರೆ ಅವತ್ತೇ ಕೈಹಾಕಿ. ಎಂಜಿನ್ ಆಫ್ ಇರಲಿ, ಬೈಕ್ ನ್ಯೂಟ್ರಲ್‌ನಲ್ಲಿರಲಿ, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಗೇರ್ ಹಾಕಿ ಚಕ್ರ ತಾನೇ ತಿರುಗಲಿ ಅಂತ ಬಿಟ್ಟು ಬಟ್ಟೆ ಹಿಡಿದರೆ ಬೆರಳೇ ಹೋಗುತ್ತದೆ, ಇದು ತಮಾಷೆಯ ಮಾತಲ್ಲ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್ ಹಾಕಿ ಮೆತ್ತನೆಯ ಬ್ರಶ್‌ನಿಂದ ಉಜ್ಜಿ. ಪೆಟ್ರೋಲ್ ಬೇಡ, ಚೈನಿನ ಕೊಂಡಿಗಳೊಳಗೆ ಗ್ರೀಸ್ ಹಿಡಿದಿಡುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್ ಹಾಳಾಗುತ್ತದೆ. ಒರೆಸಿದ ಮೇಲೆ ಲ್ಯೂಬ್ ಅನ್ನು ಚೈನಿನ ಒಳಮಗ್ಗುಲಿಗೆ ಹೊಡೆಯಿರಿ, ಚಕ್ರ ತಿರುಗುವಾಗ ಅದು ತಾನಾಗಿ ಹೊರಗಡೆಗೆ ಹರಡಿಕೊಳ್ಳುತ್ತದೆ. ಟೈರ್‌ಗೆ ಒಂದು ಹನಿಯೂ ಬೀಳಬಾರದು. ರಾತ್ರಿಯಿಡೀ ಹಾಗೇ ಬಿಟ್ಟರೆ ಒಳ್ಳೆಯದು.

ಆಮೇಲೆ ಸಡಿಲ ಅಳೆಯಿರಿ. ಕೆಳಗಿನ ಚೈನಿನ ನಡುವೆ ಮೇಲೆ ಕೆಳಗೆ ಆಡಿಸಿದರೆ ಎಷ್ಟು ಮಿಲಿಮೀಟರ್ ಇರಬೇಕು, ಬೈಕ್ ಸೈಡ್ ಸ್ಟ್ಯಾಂಡ್ ಮೇಲಿರಬೇಕಾ ಬೇಡವಾ, ಎರಡೂ ಮ್ಯಾನ್ಯುಯಲ್‌ನಲ್ಲಿವೆ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ, ಹಾಗಾಗಿ ನಾಲ್ಕೈದು ಕಡೆ ನೋಡಿ ತೀರಾ ಬಿಗಿಯಾದ ಜಾಗದ ಅಳತೆ ಹಿಡಿಯಿರಿ. ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನುವವರ ಮಾತು ಕೇಳಬೇಡಿ. ನೀವು ಕೂತು ಹಳ್ಳಕ್ಕೆ ಇಳಿಸಿದಾಗ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಮೇಲೇಳುತ್ತದೆ, ಚೈನ್ ಇನ್ನೂ ಬಿಗಿಯುತ್ತದೆ, ಅದರ ಎಳೆತವೆಲ್ಲ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ಮೇಲೆ ಬೀಳುತ್ತದೆ. ಸರಿಪಡಿಸುವಾಗ ಎರಡೂ ಬದಿಯ ಗುರುತು ಸಮ ಇರಲಿ, ಹಿಂದಿನ ಚಕ್ರದ ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿ ಮಾಡಿ.

ಟೈರ್ ಗಾಳಿಯನ್ನು ಬೈಕ್ ಹೊರಡುವ ಮೊದಲು, ತಣ್ಣಗಿರುವಾಗ ನೋಡಿ. ಟ್ರ್ಯಾಕ್‌ನವರು ಇಡುವ ಕಡಿಮೆ ಗಾಳಿ ರಸ್ತೆಗೆ ಬೇಡ. ಸೆಕೆಂಡ್ ಹ್ಯಾಂಡ್ ಬೈಕ್ ಆಗಿದ್ದರೆ ಟೈರ್ ಪಕ್ಕದ ನಾಲ್ಕು ಅಂಕಿ ಓದಿ: 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಟೈರಿನ ಗೀರು ಎಷ್ಟೇ ಆಳವಿದ್ದರೂ ರಬ್ಬರ್ ಹಳೆಯದಾದರೆ ಹಿಡಿತ ಕಮ್ಮಿಯೇ.

ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಬೈಕ್ ಆಯಿಲ್‌ನ ಗುರುತಾದ ಜಾಸೋ (JASO) ಎಂಎ ಅಥವಾ ಎಂಎ2 ಅಂತ ಇರಲೇಬೇಕು. ಕ್ಲಚ್ ಕೂಡ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಜಾರಬಹುದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಅದು ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರಲ್ಲಿ ತೊಳೆಯಿರಿ.

ಇನ್ನು ಫೇರಿಂಗ್, ಅಂದರೆ ಬೈಕಿನ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ. ಬಿಚ್ಚುವ ಮೊದಲು ಫೋಟೊ ತೆಗೆಯಿರಿ, ಒಂದೊಂದು ಪ್ಯಾನೆಲ್ಲಿನ ಬೋಲ್ಟ್ ಬೇರೆ ಬೇರೆ ಡಬ್ಬಿಗೆ ಹಾಕಿ. ಉದ್ದ ಒಂದೇ ಇರುವುದಿಲ್ಲ, ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ತಿರುಗಿಸಿದರೆ ಪ್ಲಾಸ್ಟಿಕ್ ಸೀಳಬಹುದು, ಮತ್ತೆ ಆ ಪ್ಯಾನೆಲ್ ಪೂರ್ತಿ ಹೊಸದೇ ತರಬೇಕಾದೀತು.