ಮಿಶ್ರ ಕಾಡಿನಲ್ಲಿ ಎಲೆರೋಗವನ್ನು ಅಳೆಯುವ ಬಗೆ

ಮರಜಾತಿಗಳು ಹೆಚ್ಚಿದಂತೆ ಎಲೆರೋಗ ತಗ್ಗುತ್ತದೆ ಎಂಬ ಮಾತು ಎಷ್ಟೋ ಕಡೆ ನಿಜವಾದರೂ, ನಿಮ್ಮ ಮುಂದಿರುವ ಕಾಡಿನಲ್ಲಿ ಅದು ನಿಜವೇ ಎಂದು ತಿಳಿಯಲು ಜಾತಿಗಳನ್ನು ಎಣಿಸಿದರೆ ಸಾಲದು. ಮರವೊಂದರ ಸುತ್ತ ಅದರದೇ ಜಾತಿಯ ಮರಗಳು ಎಷ್ಟಿವೆ, ಉಳಿದ ನೆರೆಮರಗಳು ಯಾವುವು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವಂತೆ ಸಮೀಕ್ಷೆಯನ್ನು ರೂಪಿಸಬೇಕು. ಅಮೆಜಾನ್ ಕಾಡಿನಲ್ಲಿ ಚದುರಿ ಬೆಳೆಯುವ ರಬ್ಬರ್ ಮರಗಳನ್ನು ಹೆಚ್ಚು ಕಾಡದ ಎಲೆ ಅಂಗಮಾರಿ ಎಂಬ ಶಿಲೀಂಧ್ರ ರೋಗ, 1928ರಲ್ಲಿ ಬ್ರೆಜಿಲ್‌ನಲ್ಲಿ ಆರಂಭವಾದ ಫೋರ್ಡ್‌ಲ್ಯಾಂಡಿಯಾ ತೋಪಿನಲ್ಲಿ ಅದೇ ಮರಗಳನ್ನು ಒತ್ತಾಗಿ ನೆಟ್ಟಾಗ ತೋಪನ್ನೇ ಹಾಳುಗೆಡವಿತು. ಅಲ್ಲಿ ಬೀಜಕಗಳು, ಅಂದರೆ ಶಿಲೀಂಧ್ರವನ್ನು ಹರಡುವ ಸೂಕ್ಷ್ಮ ಕಣಗಳು, ಮುಂದಿನ ರಬ್ಬರ್ ಎಲೆಯನ್ನು ತಲುಪಲು ದೂರ ಹೋಗಬೇಕಿರಲಿಲ್ಲ.

ಮೊದಲು ಏಕಜಾತಿಯ ತೋಪಿನಲ್ಲೂ ಮಿಶ್ರ ಕಾಡಿನಲ್ಲೂ ಸಿಗುವ ಒಂದೇ ಮರಜಾತಿಯನ್ನು ಆರಿಸಿಕೊಳ್ಳಿ. ತಾಕುಗಳ ಮಣ್ಣು, ಇಳಿಜಾರು ಮತ್ತು ಮರಗಳ ವಯಸ್ಸು ಆದಷ್ಟು ಒಂದೇ ಆಗಿರಲಿ. ಜಾತಿಗಳು ಹೆಚ್ಚಿದಾಗ ಆರಿಸಿದ ಜಾತಿಯ ಸಂಖ್ಯೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುವುದರಿಂದ, ರೋಗ ತಗ್ಗಿದ್ದು ವೈವಿಧ್ಯದಿಂದಲೋ ಕೇವಲ ವಿರಳತೆಯಿಂದಲೋ ಎಂದು ಬೇರ್ಪಡಿಸಲು, ಆ ಜಾತಿಯ ದಟ್ಟಣೆ ಸಮನಾಗಿದ್ದು ನೆರೆಮರಗಳು ಮಾತ್ರ ಬೇರೆಯಾಗಿರುವ ಕೆಲವು ತಾಕುಗಳೂ ಬೇಕು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಕಡೆಗಣಿಸಲ್ಪಡುವ ಹಂತ ಇದೇ.

ಎಲೆಗಳನ್ನು ನೋಡುವ ಮೊದಲೇ ರೆಂಬೆಯನ್ನು ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ಕಣ್ಣು ಚುಕ್ಕೆಯಿರುವ ಎಲೆಗಳತ್ತಲೇ ಹೋಗುತ್ತದೆ. ಬಿಸಿಲು ಬೀಳುವ ಮೇಲ್ಭಾಗದಿಂದಲೂ ನೆರಳಿನ ಕೆಳಭಾಗದಿಂದಲೂ ಎಲೆಗಳನ್ನು ತೆಗೆದುಕೊಂಡು, ಎಳೆಯವು ಮತ್ತು ಬಲಿತವನ್ನು ಬೇರೆಯಾಗಿ ದಾಖಲಿಸಿ. ಬೂದಿ ರೋಗದ ಬಿಳಿ ಪುಡಿಯನ್ನು ಬೆರಳಿನಿಂದ ಒರೆಸಬಹುದು. ತುಕ್ಕು ರೋಗ ಬೆರಳಿಗೆ ಕಿತ್ತಳೆ ಅಥವಾ ಕಂದು ಹುಡಿಯನ್ನು ಅಂಟಿಸುತ್ತದೆ. ಎಲೆಚುಕ್ಕೆಯ ನಡುವೆ ಭೂತಗನ್ನಡಿಯಲ್ಲಿ ಹಲವು ವೇಳೆ ಸಣ್ಣ ಕಪ್ಪು ಕಣಗಳು ಕಾಣುತ್ತವೆ. ಎಷ್ಟು ಎಲೆಗಳಿಗೆ ರೋಗ ತಗುಲಿದೆ ಎಂಬುದನ್ನೂ, ಪ್ರತಿ ಎಲೆಯ ಶೇಕಡಾ ಎಷ್ಟು ಭಾಗ ಹಾಳಾಗಿದೆ ಎಂಬುದನ್ನೂ ಪ್ರತ್ಯೇಕವಾಗಿ ಬರೆದಿಡಿ. ಸಣ್ಣ ಚುಕ್ಕೆಗಳು ಬಹಳವಿದ್ದಾಗ ಕಣ್ಣಂದಾಜು ಏರುವುದು ಸಾಮಾನ್ಯವಾದ್ದರಿಂದ, ಅಳತೆ ಗೊತ್ತಿರುವ ಚಿತ್ರಗಳ ಹಾಳೆಯೊಂದು ಕೈಯಲ್ಲಿರಲಿ. ರೋಗಪೀಡಿತ ಎಲೆಗಳು ಬೇಗ ಉದುರಿಹೋಗುವುದರಿಂದ, ಕೆಲವು ರೆಂಬೆಗಳಿಗೆ ಗುರುತು ಕಟ್ಟಿ ಮತ್ತೆ ಮತ್ತೆ ಎಣಿಸದಿದ್ದರೆ ತೀರ ಕಾಯಿಲೆಬಿದ್ದ ಮರವೇ ಆರೋಗ್ಯವಾಗಿರುವಂತೆ ತೋರುತ್ತದೆ.

ನೆರೆಮರಗಳ ಪಟ್ಟಿಯಲ್ಲಿ ಹೆಸರಿನ ಜೊತೆಗೆ ದೂರ ಮತ್ತು ಕಾಂಡದ ಸುತ್ತಳತೆಯೂ ಇರಲಿ, ಪೊದೆಗಳೂ ಸೇರಲಿ. ಒಂದೇ ಜಾತಿಯನ್ನು ಅವಲಂಬಿಸಿದ ಶಿಲೀಂಧ್ರಕ್ಕೆ ಅನ್ಯಜಾತಿಯ ಮರ ತಡೆಗೋಡೆಯಾಗುತ್ತದೆ; ಆದರೆ ಕೆಲವು ತುಕ್ಕು ಶಿಲೀಂಧ್ರಗಳ ಜೀವನಚಕ್ರ ಪೂರ್ಣವಾಗಲು ಎರಡು ಆಶ್ರಯ ಸಸ್ಯಗಳು ಬೇಕು. ಪಾಪ್ಲರ್ ಎಲೆಗಳ ಒಂದು ತುಕ್ಕು ಲಾರ್ಚ್ ಮರಕ್ಕೂ ಹೋಗಿಬರುತ್ತದೆ. ಇವೆರಡನ್ನು ಬೆರೆಸಿ ನೆಟ್ಟರೆ ವೈವಿಧ್ಯವೇ ರೋಗಕ್ಕೆ ದಾರಿಯಾಗಬಹುದು. ಹಲವು ಜಾತಿಗಳಿಗೆ ತಗಲುವ ರೋಗಕಾರಕಗಳ ವಿಷಯದಲ್ಲೂ ಮಿಶ್ರಣವನ್ನು ನೆಚ್ಚಿಕೊಳ್ಳುವಂತಿಲ್ಲ. ತರಗೆಲೆಯನ್ನೂ ಪರೀಕ್ಷಿಸಬೇಕು: ಪೋಲೆಂಡ್‌ನಲ್ಲಿ 1990ರ ದಶಕದ ಆರಂಭದಲ್ಲಿ ಕಾಣಿಸಿಕೊಂಡ ಆಶ್ ಮರದ ಸಾವಿನ ರೋಗವನ್ನು ತರುವ ಶಿಲೀಂಧ್ರ, ನೆಲಕ್ಕೆ ಬಿದ್ದ ಎಲೆತೊಟ್ಟುಗಳ ಮೇಲೆ ಉಳಿದು ಮುಂದಿನ ಬೇಸಿಗೆಯಲ್ಲಿ ಬೀಜಕಗಳನ್ನು ಹಾರಿಸುತ್ತದೆ.

ಹಲವು ಜಾತಿಯ ಮರಗಳ ದಟ್ಟ ಹಂದರದ ಕೆಳಗೆ ಒದ್ದೆಯಾದ ಎಲೆಗಳು ತಡವಾಗಿ ಆರಿ, ಶಿಲೀಂಧ್ರಕ್ಕೆ ಅನುಕೂಲವಾಗುವುದೂ ಉಂಟಾದ್ದರಿಂದ ತೇವಾಂಶವನ್ನು ಅಳೆದಿಡಿ. ಆರೋಗ್ಯವಂತ ಎಲೆಯೊಳಗೂ ಶಿಲೀಂಧ್ರಗಳು ವಾಸಿಸುವುದರಿಂದ, ಡಿಎನ್‌ಎ ಪರೀಕ್ಷೆಯಲ್ಲಿ ಸಿಕ್ಕ ಶಿಲೀಂಧ್ರಗಳ ಸಂಖ್ಯೆಯನ್ನು ರೋಗದ ಅಳತೆಯೆಂದು ತಿಳಿಯಬಾರದು. ಮಳೆ ಹೆಚ್ಚಿದ ವರ್ಷದ ಲೆಕ್ಕವೂ ಒಣ ವರ್ಷದ ಲೆಕ್ಕವೂ ಬೇರೆಯಾಗಬಹುದಾದ ಕಾರಣ, ಕನಿಷ್ಠ ಎರಡು ವರ್ಷ ಅದೇ ಮರಗಳಿಗೆ, ಎಲೆ ಬೆಳವಣಿಗೆಯ ಅದೇ ಹಂತದಲ್ಲಿ ಮರಳಿ ಹೋಗಿ.