ವಿಷುವಿಗೆ ನಮ್ಮದೇ ಅಂಗಳದ ಶುಭಾಶಯ ಪತ್ರ
ಗುಂಪಿನ ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಹೊಸವರ್ಷದ ಹಬ್ಬವಾದ ವಿಷುವಿಗೆ ಕೊಂದೆ (ಕಕ್ಕೆ) ಹೂ ಅರಳುವ ಈ ದಿನಗಳಲ್ಲಿ, ಮೊಬೈಲಿಗೆ ಬಂದ ಚಿತ್ರವನ್ನೇ ಮುಂದೆ ಕಳುಹಿಸುವ ಬದಲು, ನಾವೇ ತೆಗೆದ ಚಿತ್ರದಿಂದ ಶುಭಾಶಯ ಪತ್ರ ಮಾಡಿ ದೂರದ ಬಂಧುಗಳಿಗೆ ಅಂಚೆಯಲ್ಲಿ ಕಳುಹಿಸೋಣ ಎಂಬುದು ನನ್ನ ಸಲಹೆ.

ಬಿಸಿಲೇರುವ ಮೊದಲೇ ಚಿತ್ರ ತೆಗೆಯಿರಿ. ನಡು ಮಧ್ಯಾಹ್ನದ ಬೆಳಕಿನಲ್ಲಿ ಎಸಳುಗಳ ಗೆರೆಗಳೆಲ್ಲ ಅಳಿಸಿಹೋಗಿ ಬರಿಯ ಹಳದಿ ಮುದ್ದೆ ಉಳಿಯುತ್ತದೆ. ಪರದೆಯ ಮೇಲೆ ಹೂವನ್ನು ಬೆರಳಿನಿಂದ ಒತ್ತಿ ಬೆಳಕನ್ನು ತುಸು ತಗ್ಗಿಸಿದರೆ ಎಸಳಿನ ಸಣ್ಣ ನರವೂ ಕಾಣುತ್ತದೆ. ಇಡೀ ಮರಕ್ಕಿಂತ, ಅಡಿಕೆ ತೋಟದ ನೆರಳನ್ನು ಹಿನ್ನೆಲೆಯಾಗಿಸಿಕೊಂಡ ಒಂದೇ ಗೊಂಚಲು ಹೆಚ್ಚು ಚೆನ್ನ.

4×6 ಇಂಚಿನ ಮುದ್ರಣಕ್ಕೆ 1200×1800 ಪಿಕ್ಸೆಲ್ ಸಾಕು. ಆದರೆ ವಾಟ್ಸ್‌ಆ್ಯಪಿನಲ್ಲಿ ಫೋಟೋ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದರಿಂದ, ಸ್ಟುಡಿಯೋದವರಿಗೆ ಡಾಕ್ಯುಮೆಂಟ್ ಆಗಿಯೇ ಕಳುಹಿಸಿ. ಹೊಳಪಿಲ್ಲದ ಮ್ಯಾಟ್ ಕಾಗದವನ್ನು ಕೇಳಿ ಪಡೆಯಿರಿ. ದಪ್ಪ ಕಾಗದವನ್ನು ಮಡಚಿ ಚಿತ್ರ ಅಂಟಿಸಿ, ಒಳಗೆ ಕೈಬರಹದಲ್ಲಿ ಕನ್ನಡದ ಎರಡು ಸಾಲು ಬರೆಯಿರಿ. ಮಲಯಾಳ ಮಾಧ್ಯಮದಲ್ಲಿ ಓದುವ ಮಕ್ಕಳಿಂದ ಬರೆಸಿದರೆ ಇನ್ನೂ ಸಂತೋಷ.

ಮನೆಯಲ್ಲಿ ಮಂಚದಿಂದ ಏಳಲಾಗದ ಹಿರಿಯರಿದ್ದರೆ ಅವರ ಕಣ್ಣಿಗೆ ಬೀಳುವಲ್ಲಿ ಒಂದನ್ನು ಖಂಡಿತ ಇಡಿ. ಉಳಿದವುಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟದಂತೆ, ನಡುವೆ ಬಿಳಿ ಕಾಗದವಿಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೆಗೆದಿಡಿ.